ಹಳೆ ಕಾರಿನ ಯಾವ ಭಾಗಕ್ಕೆ ಎಷ್ಟು ಹೊಳಪು? ಅಂಬಾಸಿಡರ್ ಬಿಚ್ಚಿ ಜೋಡಿಸಿ ಕಲಿತದ್ದು

ನಮ್ಮ ಮನೆಯ 1969ರ ಅಂಬಾಸಿಡರ್ ಮಾರ್ಕ್ 2 ಪೇಂಟ್ ಆಗಿ ಬಂದ ದಿನ ಬೀದಿಯವರೆಲ್ಲ ನೋಡಲು ಬಂದರು. ಹೆಮ್ಮೆಯಿಂದ ಬಾನೆಟ್ ಎತ್ತಿದೆ. ಒಳಗೆ ಎಲ್ಲವೂ ಫಳಫಳ. ಬ್ಯಾಟರಿ ಟ್ರೇ, ರೇಡಿಯೇಟರ್, ಏರ್ ಫಿಲ್ಟರ್ ಡಬ್ಬಿ, ಹಾರ್ನ್ ಕೂರಿಸುವ ಪಟ್ಟಿ, ಎಲ್ಲಕ್ಕೂ ಒಂದೇ ಕಪ್ಪು, ಒಂದೇ ಹೊಳಪು. ಎದುರು ಮನೆಯ ಅಜ್ಜ ತಮ್ಮ ಕಾಲದಲ್ಲಿ ಅಂಬಾಸಿಡರ್ ಓಡಿಸಿದವರು. ಒಂದು ನಿಮಿಷ ಬಗ್ಗಿ ನೋಡಿದರು. "ಚೆನ್ನಾಗಿದೆ ಕಣಪ್ಪ, ಆದ್ರೆ ಸ್ಟೀಲ್ ಪಾತ್ರೆ ಅಂಗಡಿ ಥರ ಕಾಣ್ತಿದೆ" ಅಂದರು.

ಅವತ್ತು ಕೋಪ ಬಂತು. ಆಮೇಲೆ ಹಳೆಯ ಫೋಟೊ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ಕಾರ್ಖಾನೆಯಿಂದ ಬಂದಾಗ ಈ ಗಾಡಿಯ ಬಾನೆಟ್ ಒಳಗೆ ಮೂರ್ನಾಲ್ಕು ಬಗೆಯ ಹೊಳಪು ಇತ್ತು. ಬಣ್ಣದ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ನಾನು ಹೊಳಪಿನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಅರ್ಧ ಕೆಲಸ ಮತ್ತೆ ಮಾಡಿಸಿದೆ. ನೀವು ಒಂದೇ ಸಲಕ್ಕೆ ಮುಗಿಸಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬಿಚ್ಚುವ ಮೊದಲು ಗಾಡಿಯನ್ನು ಓದಿ

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ನೋಟ್‌ಬುಕ್, ಒಂದು ಟಾರ್ಚ್, ಒಂದು ಬಾಟಲಿ ಸೀಮೆಎಣ್ಣೆ ಇಟ್ಟುಕೊಳ್ಳಿ. ಮೂಲ ಪೇಂಟ್ ಎಲ್ಲಾದರೂ ಒಂದು ಚೂರು ಉಳಿದೇ ಇರುತ್ತದೆ. ಬಾಗಿಲಿನ ಒಳಹಲಗೆ ತೆಗೆದರೆ ಅದರ ಹಿಂದೆ, ಡ್ಯಾಶ್‌ಬೋರ್ಡ್ ಕೆಳಗೆ, ನಂಬರ್ ಕೆತ್ತಿದ ತಗಡಿನ ಅಡಿಯಲ್ಲಿ, ವೈಪರ್ ಮೋಟರ್ ಕೂತ ಜಾಗದಲ್ಲಿ, ವೈರು ಹಾದುಹೋಗುವ ರಬ್ಬರ್ ಬಳೆಯ ಕೆಳಗೆ ಹುಡುಕಿ. ಬಿಸಿಲು ಬೀಳದ, ಯಾವ ಪೇಂಟರ್‌ನ ಗನ್ನೂ ಮುಟ್ಟದ ಜಾಗಗಳು ಇವು. ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿ. ಥಿನ್ನರ್ ಹಾಕಬೇಡಿ, ಸಾಕ್ಷಿಯೇ ಕರಗಿ ಹೋಗುತ್ತದೆ.

ಹೊಳಪು ಅಳೆಯುವ ಮೀಟರ್ ಅಂತ ಒಂದು ಇದೆ. 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತು ಅಂತ ಅಂಕಿಯಲ್ಲಿ ಹೇಳುತ್ತದೆ. ನಮಗೆ ಅದು ಬೇಡ, ಬೆಳಗಿನ ಪೇಪರ್ ಸಾಕು. ಒರೆಸಿದ ಜಾಗದ ಎದುರು ಪೇಪರ್ ಹಿಡಿಯಿರಿ. ತಲೆಬರಹದ ಅಕ್ಷರ ಉಲ್ಟಾ ಆಗಿ ಸ್ಪಷ್ಟವಾಗಿ ಕಂಡರೆ ಪೂರ್ತಿ ಹೊಳಪು. ಅಕ್ಷರ ಕಲಸಿಹೋಗಿ ಕಪ್ಪು ಗೆರೆ ಮಾತ್ರ ಕಂಡರೆ ಅರೆ ಹೊಳಪು. ಪೇಪರಿನ ಬಿಳಿ ನೆರಳಷ್ಟೇ ಕಂಡರೆ ಸ್ಯಾಟಿನ್. ಏನೂ ಕಾಣದಿದ್ದರೆ ಮ್ಯಾಟ್. ಈ ನಾಲ್ಕೇ ಪದ ಇಟ್ಟುಕೊಂಡು ಒಂದೊಂದು ಭಾಗದ ಎದುರು ಬರೆದುಕೊಳ್ಳಿ. ಫೋಟೊ ತೆಗೆಯುವಾಗ ಟ್ಯೂಬ್‌ಲೈಟಿನ ಪ್ರತಿಬಿಂಬ ಆ ಭಾಗದ ಮೇಲೆ ಬೀಳುವಂತೆ ತೆಗೆಯಿರಿ. ನೇರ ಫ್ಲಾಶ್ ಹಾಕಿದರೆ ಎಲ್ಲ ಒಂದೇ ಥರ ಕಾಣುತ್ತದೆ.

ಸಾಕ್ಷಿ ಸಿಗದ ಭಾಗಕ್ಕೆ ನಾಲ್ಕು ಪ್ರಶ್ನೆ ಕೇಳಿ. ಇದು ಎಷ್ಟು ಬಿಸಿ ಆಗುತ್ತದೆ? ಇದಕ್ಕೆ ಕಲ್ಲು, ಕೆಸರು ಹೊಡೆಯುತ್ತದಾ? ಇದರ ಮೇಲೆ ಇನ್ನೊಂದು ಭಾಗ ಬಿಗಿಯಾಗಿ ಕೂರುತ್ತದಾ? ಇದನ್ನು ಕೈ ಮುಟ್ಟುತ್ತದಾ, ಬರೀ ಕಣ್ಣು ನೋಡುತ್ತದಾ? ಹೆಚ್ಚಿನ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಗಾಡಿಯ ಹೊಟ್ಟೆ ಭಾಗ

ಅಂಬಾಸಿಡರ್‌ಗೆ ಬೇರೆ ಚಾಸಿಸ್ ಇಲ್ಲ. ಹಳೆ ಫಿಯೆಟ್‌ಗೂ ಇಲ್ಲ. ಬಾಡಿಯೇ ಚಾಸಿಸ್. ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪ್‌ಗಳಿಗೆ ಬೇರೆ ಚಾಸಿಸ್ ಇದೆ, ಅದನ್ನು ಪೂರ್ತಿ ಕಳಚಿ ಪೇಂಟ್ ಮಾಡಬಹುದು. ನಮ್ಮಂಥವರು ಬಾಡಿಯ ಅಡಿಯಲ್ಲೇ ಮಲಗಿ ಕೆಲಸ ಮಾಡಬೇಕು.

ಕೆಳಭಾಗಕ್ಕೆ ನನ್ನ ಆಯ್ಕೆ: ಬರಿ ಲೋಹದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಅರೆ ಹೊಳಪಿನ ಕಪ್ಪು ಟೂ ಕೆ ಪೇಂಟ್, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪೇಂಟ್. ಪೂರ್ತಿ ಹೊಳಪು ಇಲ್ಲಿ ದಂಡ. ಎರಡು ಮಳೆಗೆ ಗೀರು ಬಿದ್ದು ಅಸಹ್ಯವಾಗುತ್ತದೆ. ಮ್ಯಾಟ್ ಇನ್ನೂ ಕಷ್ಟ. ಅದರ ಮೇಲ್ಮೈ ಒರಟು, ಕೆಸರು ಹಿಡಿದರೆ ಬಿಡುವುದಿಲ್ಲ. ಅರೆ ಹೊಳಪಿಗೆ ನೀರು ಹಾಯಿಸಿದರೆ ತೊಳೆದುಹೋಗುತ್ತದೆ. ವೀಲ್ ಆರ್ಚ್ ಒಳಗೆ ಮಾತ್ರ ಕಲ್ಲೇಟು ತಡೆಯುವ ರಬ್ಬರಿನಂಥ ಅಂಡರ್‌ಕೋಟ್ ಹಾಕಿಸಿ. ಆದರೆ ತುಕ್ಕಿನ ಮೇಲೆ ಅದನ್ನು ಬಳಿಯಬೇಡಿ. ಒಳಗೊಳಗೇ ತಿಂದು, ಒಂದು ದಿನ ಕೈ ಇಟ್ಟರೆ ಹಪ್ಪಳದಂತೆ ಮುರಿಯುತ್ತದೆ.

ಮುಂದಿನ ಸಸ್ಪೆನ್ಷನ್‌ನಲ್ಲಿ ಉದ್ದನೆಯ ಟಾರ್ಷನ್ ಬಾರ್ ಎರಡಿವೆ. ತಿರುಚಿಕೊಂಡೇ ಸ್ಪ್ರಿಂಗ್ ಕೆಲಸ ಮಾಡುವ ಸರಳುಗಳು. ಇವುಗಳ ಮೇಲಿನ ಪೇಂಟ್ ಚಂದಕ್ಕಲ್ಲ. ತುಕ್ಕಿನ ಸಣ್ಣ ಗುಳಿ ಬಿದ್ದರೂ ಅಲ್ಲಿಂದಲೇ ಬಿರುಕು ಶುರುವಾಗಬಹುದು. ಉಳಿ ಹಾಕಿ ಕೆರೆಯದೆ, ಕೈಯಲ್ಲೇ ಸ್ವಚ್ಛ ಮಾಡಿ, ಗೀರಿಲ್ಲದಂತೆ ಪೇಂಟ್ ಮಾಡಿಸಿ. ಹಿಂದಿನ ಪಟ್ಟಿ ಸ್ಪ್ರಿಂಗ್‌ಗೆ ತೆಳು ಕಪ್ಪು ಸಾಕು. ಪಟ್ಟಿಗಳು ಒಂದರ ಮೇಲೊಂದು ಜಾರುವ ಕಡೆ ದಪ್ಪ ಪೇಂಟ್ ನಿಲ್ಲುವುದೂ ಇಲ್ಲ.

ಪೌಡರ್ ಕೋಟಿಂಗ್: ಆಸೆ ಪಡುವ ಮುನ್ನ

ಬೆಂಗಳೂರಿನ ಪೀಣ್ಯದ ಕಡೆ ಹೋದರೆ ಪೌಡರ್ ಕೋಟಿಂಗ್ ಮಾಡುವ ಸಣ್ಣ ಶೆಡ್‌ಗಳು ಬೇಕಾದಷ್ಟು ಸಿಗುತ್ತವೆ. ಕೆಲಸ ಬೇಗ ಆಗುತ್ತದೆ, ಗಟ್ಟಿಯಾಗಿ ಕೂರುತ್ತದೆ. ನಾನೂ ಮೊದಲು ಎಲ್ಲವನ್ನೂ ಅಲ್ಲಿಗೇ ಹೊತ್ತುಕೊಂಡು ಹೋದೆ. ಆದರೆ ಮೂರು ವಿಷಯ ಗೊತ್ತಿರಲಿ.

ಒಂದು, ಬಿಸಿ. ಪುಡಿ ಕರಗಿ ಗಟ್ಟಿಯಾಗಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಬೇಕು. ರಬ್ಬರ್ ಬುಷ್ ಒಳಗಿದ್ದರೆ ಹೋಯಿತು. ಸಾಮಾನ್ಯ ಪುಟ್ಟಿಯೂ ತಡೆಯುವುದಿಲ್ಲ. ಹಳೆ ಗಾಡಿಗಳ ತಗಡು ಜೋಡಣೆಯಲ್ಲಿ ಸೀಸ, ತವರ ಸೇರಿಸಿ ತುಂಬಿರುವುದುಂಟು. ಅದು 183 ಡಿಗ್ರಿಗೇ ಕರಗಲು ಶುರು. ಎರಕ ಹೊಯ್ದ ಸತುವಿನ ಭಾಗಗಳೊಳಗೆ ಸೇರಿಕೊಂಡ ಗಾಳಿ ಬಿಸಿಗೆ ಹೊರಬಂದು ಗುಳ್ಳೆ ಏಳುತ್ತದೆ.

ಎರಡು, ದಪ್ಪ. ಪೌಡರ್ ಪದರ 60ರಿಂದ 100 ಮೈಕ್ರಾನ್ ಇರುತ್ತದೆ, ನಮ್ಮ ತಲೆಕೂದಲಿನಷ್ಟು. ಒಂದು ಭಾಗದ ಮೇಲೆ ಇನ್ನೊಂದು ಬಿಗಿಯಾಗಿ ಕೂರುವ ಕಡೆ ಈ ದಪ್ಪವೇ ಶತ್ರು.

ಇದನ್ನು ಕಲಿತದ್ದು ದೇವನಹಳ್ಳಿ ರಸ್ತೆಯಲ್ಲಿ. ನಾಲ್ಕೂ ಡಿಸ್ಕ್‌ಗಳಿಗೆ, ಅಂದರೆ ಟೈರ್ ಕೂರುವ ಉಕ್ಕಿನ ಚಕ್ರಗಳಿಗೆ, ಪೌಡರ್ ಹೊಡೆಸಿದ್ದೆ. ನಟ್ ಕೂರುವ ಇಳಿಜಾರು ತೂತನ್ನು ಮುಚ್ಚಿ ಹೊಡೆಯಿರಿ ಅಂತ ನಾನು ಹೇಳಲಿಲ್ಲ, ಶೆಡ್‌ನವರು ಕೇಳಲಿಲ್ಲ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೊರಟಾಗ ಎಡ ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು. ಇಳಿದು ಸ್ಪ್ಯಾನರ್ ಇಟ್ಟರೆ ನಟ್‌ಗಳು ಅರ್ಧ ಸುತ್ತು ಸಲೀಸಾಗಿ ತಿರುಗಿದವು. ನಟ್ಟಿನ ಅಡಿ ಇದ್ದ ಪೌಡರ್ ಜಜ್ಜಿಹೋಗಿತ್ತು, ಅಷ್ಟರಮಟ್ಟಿಗೆ ಬಿಗಿ ಸಡಿಲವಾಗಿತ್ತು. ಡಿಸ್ಕ್‌ಗೆ ಪೌಡರ್ ಹೊಡೆಸುವುದಾದರೆ ನಟ್ ಕೂರುವ ಜಾಗ, ಬ್ರೇಕ್ ಡ್ರಮ್‌ಗೆ ತಾಗುವ ಹಿಂಬದಿ, ಎರಡೂ ಬರಿ ಲೋಹ ಇರಲಿ ಅಥವಾ ತೀರಾ ತೆಳು ಪ್ರೈಮರ್ ಇರಲಿ. ಓಡಿಸಿದ ಮೇಲೆ 50 ಕಿಲೋಮೀಟರಿಗೆ ಒಮ್ಮೆ, 100ಕ್ಕೆ ಇನ್ನೊಮ್ಮೆ ನಟ್ ಬಿಗಿ ನೋಡಿ. ಈಗ ನಾನು ಡಿಸ್ಕ್‌ಗೆ ಟೂ ಕೆ ಪೇಂಟನ್ನೇ ಹೊಡೆಸುತ್ತೇನೆ. ಪೂರ್ತಿ ಹೊಳಪಿಗಿಂತ ಒಂದು ಗುಂಜಿ ಕಡಿಮೆ. ಹಬ್‌ಕ್ಯಾಪ್‌ನ ಕ್ರೋಮ್ ಎದ್ದು ಕಾಣಬೇಕು, ಡಿಸ್ಕ್ ಹಿಂದೆ ನಿಲ್ಲಬೇಕು.

ಮೂರು, ರಿಪೇರಿ. ಪೌಡರ್ ಒಂದು ಕಡೆ ಚೆಕ್ಕೆ ಎದ್ದರೆ ಒಳಗೆ ನೀರು ಹೋಗುತ್ತದೆ, ಮೇಲೆ ತೇಪೆ ಹಾಕಲು ಆಗುವುದಿಲ್ಲ. ಬ್ಯಾಟರಿ ಟ್ರೇ, ಸೀಟಿನ ಕಬ್ಬಿಣದ ಚೌಕಟ್ಟು, ಜ್ಯಾಕ್, ಇಂಥದ್ದಕ್ಕೆ ಪೌಡರ್ ಲಾಯಕ್ಕು. ಅಲ್ಲೂ ಸ್ಯಾಟಿನ್ ಕಪ್ಪು ಕೇಳಿ. ಏನೂ ಹೇಳದಿದ್ದರೆ ಫಳಫಳ ಕಪ್ಪೇ ಬರುತ್ತದೆ.

ಬಾನೆಟ್ ಒಳಗೆ

ನನ್ನ ಪಾತ್ರೆ ಅಂಗಡಿ ಇದ್ದದ್ದು ಇಲ್ಲೇ. ಎಂಜಿನ್ ಕೋಣೆಯ ಗೋಡೆಗಳು ಬಾಡಿಯ ಬಣ್ಣ, ಆದರೆ ಹೊರಗಿನಷ್ಟು ಉಜ್ಜಿ ಪಾಲಿಷ್ ಮಾಡಿದ್ದಲ್ಲ. ಗನ್‌ನಿಂದ ಬಿದ್ದ ಹೊಳಪು ಹೇಗಿದೆಯೋ ಹಾಗೇ ಬಿಡಿ. ಕಾರ್ಖಾನೆಯಲ್ಲಿ ಯಾರೂ ಒಳಗೋಡೆಗೆ ಪಾಲಿಷ್ ಪೇಸ್ಟ್ ಹಚ್ಚಿ ಕೂರುತ್ತಿರಲಿಲ್ಲ.

ಎಂಜಿನ್ ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ಇದಕ್ಕೆ ಬಿಸಿ, ಆಯಿಲ್, ಪೆಟ್ರೋಲ್ ತಡೆಯುವ ಎಂಜಿನ್ ಎನಾಮೆಲ್ ಬೇಕು. ಇಲ್ಲಿ ಹೊಳಪು ಇದ್ದರೆ ಒಳ್ಳೆಯದೇ, ಆಯಿಲ್ ಸೋರಿದರೆ ಬಟ್ಟೆಯಲ್ಲಿ ಒರೆಸಬಹುದು, ಎಲ್ಲಿಂದ ಸೋರುತ್ತಿದೆ ಅಂತಲೂ ಬೇಗ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ, ಕಾರ್ಬುರೇಟರ್‌ಗೆ ಪೇಂಟೇ ಬೇಡ. ತೊಳೆದು ಬಿಡಿ. ಅಲ್ಯೂಮಿನಿಯಂಗೆ ಬೆಳ್ಳಿ ಬಣ್ಣ ಬಳಿಯುವುದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಎಂಜಿನ್‌ನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆ ಲೋಕ. ಅಲ್ಲಿ ಮಾಮೂಲಿ ಪೇಂಟ್ ಮೊದಲ ದಿನವೇ ಹೊಗೆಯಾಗುತ್ತದೆ. 600 ಡಿಗ್ರಿ ತಡೆಯುವ ಸಿಲಿಕೋನ್ ಪೇಂಟ್ ತನ್ನಿ. ಪ್ರೈಮರ್, ಪುಟ್ಟಿ ಏನೂ ಇಲ್ಲದೆ, ಮರಳು ಹೊಡೆಸಿ (ಬ್ಲಾಸ್ಟ್) ಸ್ವಚ್ಛ ಮಾಡಿದ ಬರಿ ಲೋಹದ ಮೇಲೆ ತೆಳುವಾಗಿ ಹೊಡೆಯಿರಿ. ಇದು ಗಾಳಿಗೆ ಒಣಗಿದಂತೆ ಕಂಡರೂ ಗಟ್ಟಿಯಾಗುವುದು ಬಿಸಿಗೆ. ಹತ್ತು ನಿಮಿಷ ಎಂಜಿನ್ ಓಡಿಸಿ ಆರಲು ಬಿಡಿ, ಮತ್ತೆ ಇಪ್ಪತ್ತು ನಿಮಿಷ, ಆಮೇಲೆ ಒಂದು ಸುತ್ತು ಹೋಗಿ ಬನ್ನಿ. ಡಬ್ಬದ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಪಾಲಿಸಿ. ಮೊದಲ ಸಲ ವಾಸನೆ ಹೊಗೆ ಎರಡೂ ಬರುತ್ತದೆ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಹೊಳಪು ಇಲ್ಲಿ ನಿಲ್ಲುವುದೂ ಇಲ್ಲ, ಹಾಗಾಗಿ ಮ್ಯಾಟ್ ಬೂದು ಸಾಕು.

ರೇಡಿಯೇಟರ್‌ಗೆ ಮ್ಯಾಟ್ ಕಪ್ಪು, ಅದೂ ಮಂಜು ಹಾಯಿಸಿದಂತೆ ತೆಳುವಾಗಿ. ದಪ್ಪ ಕೋಟ್ ಕಂಬಳಿ ಹೊದಿಸಿದಂತೆ, ಬಿಸಿ ಹೊರಗೆ ಹೋಗುವುದಿಲ್ಲ. ಸಂಜೆ ಸಿಲ್ಕ್ ಬೋರ್ಡ್‌ನಲ್ಲಿ ನಿಂತರೆ ಅರ್ಥವಾಗುತ್ತದೆ. ಏರ್ ಫಿಲ್ಟರ್ ಡಬ್ಬಿ, ಫ್ಯಾನ್, ಹಾರ್ನ್ ಪಟ್ಟಿಗಳು ಸ್ಯಾಟಿನ್ ಅಥವಾ ಅರೆ ಹೊಳಪು.

ಸ್ಯಾಟಿನ್, ಮ್ಯಾಟ್ ಬಗ್ಗೆ ಒಂದು ಎಚ್ಚರಿಕೆ. ಹೊಳಪು ತಗ್ಗಿಸುವ ಪುಡಿ ಡಬ್ಬದ ತಳದಲ್ಲಿ ಕೂತಿರುತ್ತದೆ. ಚೆನ್ನಾಗಿ ಕಲಕದಿದ್ದರೆ ಮೊದಲ ಭಾಗ ಹೊಳೆಯುತ್ತದೆ, ಕೊನೆಯ ಭಾಗ ಮಂಕು. ಜೊತೆಗೆ ಇದನ್ನು ಉಜ್ಜಿ ಸರಿಮಾಡಲು ಆಗುವುದಿಲ್ಲ. ಉಜ್ಜಿದ ಕಡೆ ಹೊಳಪು ಬಂದುಬಿಡುತ್ತದೆ. ಒಂದು ಧೂಳಿನ ಕಣ ಬಿದ್ದರೂ ಆ ಭಾಗ ಪೂರ್ತಿ ಮತ್ತೆ ಹೊಡೆಯಬೇಕು.

ಬಾಡಿ

ಮೊದಲು ಈಗಿರುವ ಪೇಂಟ್ ಯಾವುದು ಅಂತ ತಿಳಿಯಿರಿ. ಕಾಣದ ಮೂಲೆಯಲ್ಲಿ ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟ್‌ನ ಥಿನ್ನರ್ ಅದ್ದಿದ ಬಟ್ಟೆ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ. ಸುಕ್ಕುಗಟ್ಟಿ ಎದ್ದರೆ ಸಿಂಥೆಟಿಕ್ ಎನಾಮೆಲ್. ಏನೂ ಆಗದಿದ್ದರೆ ಯಾರೋ ಟೂ ಕೆ ಹೊಡೆಸಿದ್ದಾರೆ. ಎನಾಮೆಲ್ ಮೇಲೆ ನೇರವಾಗಿ ಟೂ ಕೆ ಹೊಡೆದರೆ ಹಳೆಯದು ಸುಕ್ಕಾಗಿ ಹೊಸದನ್ನೂ ಎಬ್ಬಿಸಬಹುದು. ಲೋಹದವರೆಗೆ ತೆಗೆಸುವುದೇ ಲೇಸು. ಹಳೆ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳನ್ನು ದೂರ ಇಡಿ.

ಹೊಸದಕ್ಕೆ ಮೂರು ದಾರಿ. ಮೊದಲನೆಯದು ಎನ್‌ಸಿ. ಹಳೆ ಪೇಂಟರ್‌ಗಳು ಈಗಲೂ ಡ್ಯೂಕೊ ಅನ್ನುವುದು ಇದಕ್ಕೆ. ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ಬ್ರ್ಯಾಂಡ್ ಹೆಸರು ಅದು. ಬೇಗ ಒಣಗುತ್ತದೆ, ಉಜ್ಜಿ ಪಾಲಿಷ್ ಮಾಡಿದರೆ ಮೆದುವಾದ, ಆಳವಾದ ಹೊಳಪು ಬರುತ್ತದೆ. ಆದರೆ ತುಂಬ ಕೋಟ್ ಬೇಕು, ದಪ್ಪವಾದರೆ ಬಿರುಕು ಬಿಡುತ್ತದೆ, ಪೆಟ್ರೋಲ್ ಚೆಲ್ಲಿದರೆ ಕಲೆ. ಪ್ರದರ್ಶನಕ್ಕೆ ಮಾತ್ರ ಹೊರಡುವ ಗಾಡಿಗೆ ಸರಿ. ಎನಾಮೆಲ್ ಅಗ್ಗ, ಆದರೆ ನಿಧಾನ ಒಣಗುತ್ತದೆ. ಬೆಂಗಳೂರಿನ ಧೂಳಿನಲ್ಲಿ ಅದು ಒಣಗುವ ಹೊತ್ತಿಗೆ ಮೇಲೆ ಅರ್ಧ ಮೆಟ್ರೋ ಕಾಮಗಾರಿ ಕೂತಿರುತ್ತದೆ.

ಮೂರನೆಯದು ಟೂ ಕೆ, ಪೇಂಟರ್‌ಗಳ ಮಾತಲ್ಲಿ ಪಿಯು. ಓಡಾಡುವ ಗಾಡಿಗೆ ಇದೇ ಇರಲಿ. ಆದರೆ ಇದರಲ್ಲೇ ಎರಡು ಬಗೆ. ಬಣ್ಣ ಹೊಡೆದು ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಕೋಟ್ ಹೊಡೆಯುವುದು ಒಂದು. ಬಣ್ಣದಲ್ಲೇ ಹೊಳಪು ಇರುವ ಸಿಂಗಲ್ ಸ್ಟೇಜ್ ಇನ್ನೊಂದು. ಇಂದಿನ ಪೇಂಟರ್ ಕೇಳದೆಯೇ ಕ್ಲಿಯರ್ ಹೊಡೆಯುತ್ತಾನೆ. ಹಳೆ ಸಾದಾ ಬಣ್ಣ, ಅಂದರೆ ಬಿಳಿ, ಕೆನೆ, ಕಪ್ಪು, ತಿಳಿ ನೀಲಿ ಇದ್ದರೆ ಕ್ಲಿಯರ್ ಬೇಡ ಅಂತ ಗಟ್ಟಿಯಾಗಿ ಹೇಳಿ. ಕ್ಲಿಯರ್ ಬಿದ್ದರೆ ಬಣ್ಣ ಗಾಜಿನ ಹಿಂದೆ ಇಟ್ಟಂತೆ ಕಾಣುತ್ತದೆ. ಸಿಂಗಲ್ ಸ್ಟೇಜ್‌ನಲ್ಲಿ ಬಣ್ಣವೇ ಹೊಳೆಯುತ್ತದೆ. ಆ ಕಾಲದ ಗಾಡಿಗೆ ಒಪ್ಪುವುದು ಅದೇ. ನನ್ನ ಮಟ್ಟಿಗೆ ಇಡೀ ಗಾಡಿಯಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ.

ಟೂ ಕೆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಅಲರ್ಜಿ ಹತ್ತಿದರೆ ಜೀವನಪೂರ್ತಿ ಬಿಡುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇಲ್ಲದೆ ಮನೆಯ ಶೆಡ್‌ನಲ್ಲಿ ಇದನ್ನು ಹೊಡೆಯಲೇಬೇಡಿ. ಕರ್ಚೀಫ್ ಕಟ್ಟಿಕೊಂಡರೆ ಏನೂ ಆಗುವುದಿಲ್ಲ ಅನ್ನುವವರ ಮಾತು ಕೇಳಬೇಡಿ.

ಪದರಗಳ ಕ್ರಮವೂ ಮುಖ್ಯ. ಲೋಹ, ಎಪಾಕ್ಸಿ, ಪುಟ್ಟಿ, ಮೇಲ್ಮೈ ಸಮ ಮಾಡುವ ಸರ್ಫೇಸರ್, ಬಣ್ಣ. ಆಸಿಡ್ ಇರುವ ಎಚಿಂಗ್ ಪ್ರೈಮರ್ ಮೇಲೆ ನೇರವಾಗಿ ಪುಟ್ಟಿ ಮೆತ್ತಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಗಾಡಿಯ ಬಣ್ಣವನ್ನೇ ಬದಲಿಸುವ ಆಸೆ ಇದ್ದರೆ ಆರ್‌ಸಿಯಲ್ಲೂ ಬದಲಿಸಬೇಕು, ಆರ್‌ಟಿಒಗೆ ಮೊದಲೇ ಹೋಗಿ ಬನ್ನಿ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಆ ನಂಬರ್ ಹಾಕಿಸಿದರೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಓಡಿಸುವವರು ಯೋಚಿಸಿ.

ನಟ್, ಬೋಲ್ಟ್, ಕ್ರೋಮ್

ಅಂಬಾಸಿಡರ್‌ನ ನಟ್ ಬೋಲ್ಟ್ ಇಂಚಿನ ಅಳತೆಯವು. ಜೆಸಿ ರೋಡಿನಲ್ಲಿ ಹುಡುಕಿದರೆ ಸಿಗಬಹುದು, ಆದರೆ ಇರುವುದನ್ನೇ ಉಳಿಸಿಕೊಳ್ಳುವುದು ಮೇಲು. ಪೇಂಟ್ ಹಚ್ಚಬೇಡಿ, ಮೊದಲ ಸ್ಪ್ಯಾನರ್‌ಗೇ ಕಿತ್ತು ಬರುತ್ತದೆ. ಜಿಂಕ್ ಪ್ಲೇಟಿಂಗ್ ಮಾಡಿಸಿ, ಪದರ ಬರೀ 8ರಿಂದ 12 ಮೈಕ್ರಾನ್. ಕೊಡುವ ಮುನ್ನ ಎಣಿಸಿ, ತಂತಿಯಲ್ಲಿ ಪೋಣಿಸಿ, ಫೋಟೊ ತೆಗೆಯಿರಿ. ನಾನು 112 ಕೊಟ್ಟು 97 ವಾಪಸ್ ತಂದವನು.

ಸ್ಪ್ರಿಂಗ್‌ಗಳನ್ನೂ, ಸ್ಟೀರಿಂಗ್, ಸಸ್ಪೆನ್ಷನ್‌ನ ಹೈಟೆನ್ಸೈಲ್ (ಹೆಚ್ಚು ಗಟ್ಟಿ ಉಕ್ಕಿನ) ಬೋಲ್ಟ್‌ಗಳನ್ನೂ ಆ ಗಂಟಿಗೆ ಸೇರಿಸಬೇಡಿ. ಪ್ಲೇಟಿಂಗ್ ವೇಳೆ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದು ಪಿಂಗಾಣಿಯಂತೆ ಥಟ್ಟನೆ ಮುರಿಯಬಹುದು. ಪ್ಲೇಟಿಂಗ್ ಆದ ಕೂಡಲೇ ಗಂಟೆಗಟ್ಟಲೆ ಬೇಯಿಸಿ ಅದನ್ನು ಹೊರಹಾಕುವ ಕ್ರಮವಿದೆ, ಸಣ್ಣ ಶೆಡ್‌ಗಳಲ್ಲಿ ಅದನ್ನು ನಂಬಿ ಕೂರಲು ಆಗುವುದಿಲ್ಲ.

ಕ್ರೋಮ್ ಬಗ್ಗೆ ಇಷ್ಟೇ: ಮೇಲಿನ ಕ್ರೋಮ್ ಒಂದು ಮೈಕ್ರಾನ್‌ಗಿಂತ ತೆಳು. ಹೊಳಪು ಬರುವುದು ಕೆಳಗಿನ ತಾಮ್ರ, ನಿಕ್ಕಲ್‌ನಿಂದ, ಅದಕ್ಕೂ ಕೆಳಗಿನ ಉಜ್ಜಿದ ಲೋಹದಿಂದ. ಬಂಪರ್‌ನ ತಗ್ಗು ತೆಗೆಯದೆ ಪ್ಲೇಟಿಂಗ್‌ಗೆ ಕೊಟ್ಟರೆ ತಗ್ಗೇ ಹೊಳೆಯುತ್ತದೆ.

ಒಳಗೆ

ವಿಂಡ್‌ಸ್ಕ್ರೀನ್ ಕೆಳಗಿನ ಲೋಹದ ಭಾಗ ಹೊಳೆಯಬಾರದು. ಮಧ್ಯಾಹ್ನದ ಬಿಸಿಲು ಅಲ್ಲಿ ಬಿದ್ದು ಗಾಜಿನಲ್ಲಿ ಪ್ರತಿಫಲಿಸಿದರೆ ರಸ್ತೆಯೇ ಕಾಣುವುದಿಲ್ಲ. ಅಲ್ಲಿಗೆ ಸ್ಯಾಟಿನ್ ಅಥವಾ ಮ್ಯಾಟ್. ಕೈ ತಾಗುವ ಕಡೆ, ಅಂದರೆ ಬಾಗಿಲಿನ ಅಂಚು, ಗ್ಲೋವ್ ಬಾಕ್ಸ್ ಮುಚ್ಚಳಕ್ಕೆ ಮ್ಯಾಟ್ ಬೇಡ. ಬೆವರಿಗೆ, ಉಜ್ಜಾಟಕ್ಕೆ ಅಲ್ಲಲ್ಲಿ ಹೊಳಪು ಬಂದು ಬಸ್ಸಿನ ಸೀಟಿನ ಕಂಬಿಯಂತೆ ಆಗುತ್ತದೆ.

ಯಾವಾಗ, ಯಾವ ನೀರು

ಡಿಸೆಂಬರ್‌ನಿಂದ ಮಾರ್ಚ್ ಮಧ್ಯದವರೆಗೆ ಬಾಡಿ ಪೇಂಟ್ ಮಾಡಿಸಿ. ಮಳೆಗಾಲದಲ್ಲಿ ಎನ್‌ಸಿ ಹೊಡೆದರೆ ಬಿಳಿ ಮಂಜು ಕವಿದಂತೆ ಆಗುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಟೂ ಕೆ ಹಾರ್ಡ್‌ನರ್‌ಗೆ ತೇವ ಸೇರಿದರೆ ಒಳಗೆ ಗಾಳಿ ಹುಟ್ಟಿ ಸೂಜಿಮೊನೆಯಷ್ಟು ಗುಳ್ಳೆ ಏಳುತ್ತವೆ, ಡಬ್ಬದ ಮುಚ್ಚಳ ಬಿಗಿಯಾಗಿರಲಿ. ಮುಚ್ಚಿದ ಪೇಂಟ್ ಬೂತ್ ಇಲ್ಲದ ಗ್ಯಾರೇಜಾದರೆ ಸಂಜೆ ಲೈಟ್ ಹಾಕಿ ಹೊಡೆಯಲು ಬಿಡಬೇಡಿ. ಒಂದು ಮಳೆ ಬಿದ್ದ ಮರುದಿನ ರೆಕ್ಕೆ ಹುಳುಗಳೆಲ್ಲ ನಿಮ್ಮ ಬಾನೆಟ್‌ಗೇ ಬರುತ್ತವೆ.

ವಾಟರ್ ಪೇಪರ್ ಉಜ್ಜಲು ಬೋರ್‌ವೆಲ್ ನೀರು ಬಳಸಿದರೆ ಅದರ ಉಪ್ಪು ಒಣಗಿ ಪೇಂಟ್ ಅಡಿ ಉಳಿಯುತ್ತದೆ. ಕೆಲವು ತಿಂಗಳಿಗೆ ಅಲ್ಲಿ ತೇವ ಎಳೆದುಕೊಂಡು ಬೊಬ್ಬೆ ಏಳುತ್ತದೆ. ಕಾವೇರಿ ನೀರು ಬಳಸಿ, ಕೊನೆಯ ತೊಳೆತಕ್ಕೆ ಒಂದೆರಡು ಕ್ಯಾನ್ ಬ್ಯಾಟರಿ ನೀರು, ಅಂದರೆ ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್ ತನ್ನಿ. ಟೈರ್ ಪಾಲಿಷ್ ಡಬ್ಬಿಯನ್ನು ಆ ವಾರ ಗ್ಯಾರೇಜ್ ಹತ್ತಿರವೂ ಸುಳಿಸಬೇಡಿ. ಅದರ ಸಿಲಿಕೋನ್ ಬಿದ್ದ ಕಡೆ ಪೇಂಟ್ ಕೂರದೆ ಗುಳಿ ಬೀಳುತ್ತದೆ.

ಪೇಂಟರ್ ಜೊತೆ ಮಾತು

ಫೋನಿನಲ್ಲಿ ಫೋಟೊ ತೋರಿಸಿ "ಹೀಗೆ ಬೇಕು" ಅಂದರೆ ಆಗುವುದಿಲ್ಲ. ಗುಜರಿಯಿಂದ ಹಳೆ ತಗಡು ತಂದು ಅಂಗೈ ಅಗಲದ ಆರು ತುಂಡು ಕತ್ತರಿಸಿ. ಅದೇ ಗನ್, ಅದೇ ಪೇಂಟ್, ಅದೇ ಪ್ರೈಮರ್‌ನಲ್ಲಿ ಒಂದೊಂದು ಹೊಳಪು ಹೊಡೆಸಿ. ಒಂದು ವಾರ ಬಿಟ್ಟು ನೋಡಿ, ಒಣಗುತ್ತ ಹೊಳಪು ಕಡಿಮೆಯಾಗುತ್ತದೆ. ಟ್ಯೂಬ್‌ಲೈಟ್ ಕೆಳಗಲ್ಲ, ಬಿಸಿಲಿಗೆ ತಂದು ನೋಡಿ. ಒಪ್ಪಿಗೆಯಾದ ತುಂಡಿನ ಹಿಂದೆ ಭಾಗಗಳ ಹೆಸರು ಬರೆದು ಗ್ಯಾರೇಜಿನ ಗೋಡೆಗೆ ನೇತುಹಾಕಿ. ನಮ್ಮ ಪೇಂಟರ್ ಭಾಯ್ ಮೊದಲು ನಕ್ಕರು. "ಏನ್ ಸಾರ್, ಸೀರೆ ಅಂಗಡಿ ಸ್ಯಾಂಪಲ್ಲಾ?" ಅಂದರು. ಎರಡನೇ ಸಲದ ಕೆಲಸ ಪೂರ್ತಿ ಆ ತುಂಡುಗಳನ್ನು ನೋಡಿಕೊಂಡೇ ಮಾಡಿದರು.

ಗಾಡಿ ವಾಪಸ್ ಬಂದ ಮೇಲೆ ಒಂದೆರಡು ತಿಂಗಳು ವ್ಯಾಕ್ಸ್ ಹಚ್ಚಬೇಡಿ, ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ. ಪೇಂಟ್ ಇನ್ನೂ ಉಸಿರಾಡುತ್ತಿರುತ್ತದೆ. ಎಲ್ಲ ಜೋಡಿಸಿ ಕೀ ತಿರುಗಿಸಿದಾಗ ಗಾಡಿ ಸುಮ್ನೆ ಕೂತರೆ ಹೆದರಬೇಡಿ, ಎಂಜಿನ್ ಕೆಟ್ಟಿಲ್ಲ. ಬ್ಯಾಟರಿಯ ಅರ್ಥ್ ವೈರ್ ಬಾಡಿಗೆ ಕೂರುವ ಜಾಗದ ಮೇಲೂ ನಿಮ್ಮ ಚಂದದ ಪೇಂಟ್ ಕೂತಿದೆ. ಒಂದು ರೂಪಾಯಿ ಬಿಲ್ಲೆ ಅಗಲಕ್ಕೆ ಅದನ್ನು ಕೆರೆದು, ವೈರ್ ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿ.